ಜನರ ಸಿಟ್ಟಿಗೆ ಮಣಿಯದ ಗವರ್ನರ್



ಶಾಂತಿಯ ದಿನಗಳಲ್ಲಿ ನ್ಯಾಯದ ಪರ ಮಾತನಾಡುವುದು ಸುಲಭ. ಜನರು ಭಯ ಮತ್ತು ದ್ವೇಷದಿಂದ ಕುದಿಯುತ್ತಿರುವಾಗ, ಅವರ ಮತವನ್ನೇ ನಂಬಿರುವ ಆಡಳಿತಗಾರನು ನ್ಯಾಯದ ಮಾತನ್ನಾಡುವುದು ಕಷ್ಟ. ಅಮೆರಿಕದ ಕೊಲರಾಡೊ ರಾಜ್ಯದ ಗವರ್ನರ್ ಆಗಿದ್ದ ರಾಲ್ಫ್ ಕಾರ್ ಆ ಮಾತನ್ನಾಡಿದರು. ಅಲ್ಲಿಯ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ, ಜನರಿಂದ ನೇರವಾಗಿ ಆಯ್ಕೆಯಾಗಿ ರಾಜ್ಯವನ್ನಾಳುವವರು.

1887ರಲ್ಲಿ ಜನಿಸಿದ ಕಾರ್ ವೃತ್ತಿಯಿಂದ ವಕೀಲರು. ರಿಪಬ್ಲಿಕನ್ ಪಕ್ಷದ ಅವರು 1939ರಲ್ಲಿ ಗವರ್ನರ್ ಆದರು. 1940ರ ಚುನಾವಣೆಯಲ್ಲಿ ಮತ್ತೆ ಗೆದ್ದರು.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆಸಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಹೊರಡಿಸಿದ ಆದೇಶದಿಂದಾಗಿ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರು ಮನೆ, ಹೊಲ, ಅಂಗಡಿಗಳನ್ನು ತೊರೆದು ಬಂಧನ ಶಿಬಿರ ಸೇರಬೇಕಾಯಿತು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಅಮೆರಿಕದಲ್ಲೇ ಹುಟ್ಟಿದ ಪೌರರು. ಅವರ ಮೇಲೆ ಆರೋಪಪಟ್ಟಿಯೂ ಇರಲಿಲ್ಲ, ವಿಚಾರಣೆಯೂ ನಡೆಯಲಿಲ್ಲ. ಶತ್ರುವಿನ ಮುಖವನ್ನು ಹೋಲುವ ಮುಖವೇ ಅಪರಾಧವಾಯಿತು.

ಅದೇ ಏಪ್ರಿಲ್‌ನಲ್ಲಿ ಪಶ್ಚಿಮದ ರಾಜ್ಯಗಳ ನಾಯಕರು ಸಾಲ್ಟ್ ಲೇಕ್ ಸಿಟಿಯಲ್ಲಿ ಸಭೆ ಸೇರಿದರು. ಸ್ಥಳಾಂತರಗೊಂಡವರು ನಮ್ಮಲ್ಲಿಗೆ ಬರಕೂಡದೆಂದು ಉಳಿದ ಗವರ್ನರ್‌ಗಳು ಹಟ ಹಿಡಿದಾಗ, ಅವರನ್ನು ಸ್ವೀಕರಿಸಲು ಸಿದ್ಧರಾದವರು ಕಾರ್ ಒಬ್ಬರೇ. ವಿಚಾರಣೆಯಿಲ್ಲದೆ ಪೌರರನ್ನು ಬಂಧಿಸುವುದು ಸಂವಿಧಾನಬಾಹಿರವೆಂದು ಅವರು ಬಹಿರಂಗವಾಗಿ ಸಾರಿದರು. ಅವರ ವಾದ ಸರಳವಾಗಿತ್ತು: ಇಂದು ಒಂದು ಸಮುದಾಯದಿಂದ ಕಸಿದ ಹಕ್ಕನ್ನು ನಾಳೆ ಯಾರಿಂದಲೂ ಕಸಿಯಬಹುದು.

ಬಂಧನವನ್ನು ತಡೆಯಲು ಅವರಿಂದಾಗಲಿಲ್ಲ ಎಂಬುದನ್ನೂ ನಾವು ಮರೆಯಬಾರದು. ಕೊಲರಾಡೊದ ಅಮಾಚೆಯಲ್ಲೇ ಒಂದು ಶಿಬಿರ ತಲೆಯೆತ್ತಿತು. ಏಳು ಸಾವಿರಕ್ಕೂ ಹೆಚ್ಚು ಜನರು ಮುಳ್ಳುತಂತಿಯೊಳಗೆ ದಿನ ಕಳೆದರು. ಒಕ್ಕೂಟ ಸರಕಾರದ ಮುಂದೆ ರಾಜ್ಯದ ಅಧಿಕಾರ ಸೀಮಿತವಾಗಿತ್ತು. ಆದರೆ ತಮ್ಮ ನಾಲಗೆಯನ್ನು ದ್ವೇಷಕ್ಕೆ ಒತ್ತೆಯಿಡದಿರುವ ಸ್ವಾತಂತ್ರ್ಯ ಅವರಿಗಿತ್ತು. ಅದನ್ನು ಅವರು ಬಳಸಿದರು.

ಅದಕ್ಕೆ ಬೆಲೆಯನ್ನೂ ತೆತ್ತರು. 1942ರ ನವೆಂಬರ್‌ನಲ್ಲಿ ಸೆನೆಟ್ ಚುನಾವಣೆಯಲ್ಲಿ ಅಲ್ಪ ಅಂತರದಿಂದ ಸೋತರು. 1950ರಲ್ಲಿ ಪುನಃ ಗವರ್ನರ್ ಸ್ಥಾನಕ್ಕೆ ಸ್ಪರ್ಧಿಸಿದ್ದಾಗ, ಮತದಾನಕ್ಕೆ ಮುನ್ನವೇ ನಿಧನರಾದರು.

1988ರಲ್ಲಿ ಅಮೆರಿಕ ಸರಕಾರ ಕ್ಷಮೆ ಕೇಳಿ, ಬದುಕುಳಿದ ಪ್ರತಿಯೊಬ್ಬ ಸಂತ್ರಸ್ತರಿಗೆ 20,000 ಡಾಲರ್ ಪರಿಹಾರ ಘೋಷಿಸಿತು. 2013ರಲ್ಲಿ ಉದ್ಘಾಟನೆಗೊಂಡ ಕೊಲರಾಡೊದ ನ್ಯಾಯಾಂಗ ಸಂಕೀರ್ಣಕ್ಕೆ ಕಾರ್ ಅವರ ಹೆಸರಿದೆ. ದೇಶವೊಂದು 46 ವರ್ಷಗಳ ನಂತರ ಒಪ್ಪಿಕೊಂಡ ಸತ್ಯವನ್ನು ಅವರು ಸಕಾಲದಲ್ಲೇ ಹೇಳಿದ್ದರು. ಸಹೋದರರೇ, ಮತ ಕೇಳಲು ಬರುವವರಲ್ಲಿ ನಾವು ಮೊದಲು ಹುಡುಕಬೇಕಾದ ಗುಣ ಇದೇ.