ಕೂಪನ್ ಎಣಿಸಿದವನ ಲೆಕ್ಕ



ಜಾಹೀರಾತು ಕುರಿತ ಈ ವಿಚಾರ ಸಂಕಿರಣಕ್ಕೆ ಆಶಯದ ಮಾತು ಹುಡುಕುತ್ತ ನಾನು ಹೋಗಿ ನಿಂತದ್ದು ಕ್ಲಾಡ್ ಹಾಪ್ಕಿನ್ಸ್ ಎಂಬ ಅಮೆರಿಕನ್ ಜಾಹೀರಾತು ಬರಹಗಾರನ ಬಳಿ. 1866ರಲ್ಲಿ ಹುಟ್ಟಿದವನು, 1932ರಲ್ಲಿ ತೀರಿಕೊಂಡ. ಅವನ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ 1923ರ ಪುಸ್ತಕ. ಏಳು ಸಲ ಓದದವರನ್ನು ಈ ವೃತ್ತಿಗೆ ಬಿಟ್ಟುಕೊಳ್ಳಲೇಬಾರದು ಎಂದು ಹೆಸರಾಂತ ಜಾಹೀರಾತುಗಾರ ಡೇವಿಡ್ ಒಗಿಲ್ವಿ ಹೊಗಳಿದ್ದು ಇದನ್ನೇ.

ಶ್ಲಿಟ್ಜ್ ಬಿಯರಿನ ಕತೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಆ ಕಾಲದ ಬಿಯರ್ ಕಂಪನಿಗಳೆಲ್ಲ ‘ಶುದ್ಧ, ಶುದ್ಧ’ ಎಂದು ಕೂಗುತ್ತಿದ್ದವು. ಹಾಪ್ಕಿನ್ಸ್ ಇನ್ನೊಂದು ಘೋಷಣೆ ಹೊಸೆಯುವ ಬದಲು ಬಿಯರ್ ತಯಾರಾಗುವಲ್ಲಿಗೇ ಹೋದ. ಸೋಸಿದ ಗಾಳಿಯಲ್ಲಿ ಬಿಯರ್ ತಣಿಯುವ ಗಾಜಿನ ಕೋಣೆ, ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆದ ಬಾಟಲಿ, ಬಲು ಆಳದ ಬಾವಿಯ ನೀರು ನೋಡಿದ. ಇದನ್ನೆಲ್ಲ ಜನಕ್ಕೆ ಯಾಕೆ ಹೇಳುವುದಿಲ್ಲ ಎಂದು ಕೇಳಿದರೆ, ಎಲ್ಲರೂ ಮಾಡುವುದು ಹೀಗೆಯೇ ಅಲ್ಲವೇ ಎಂಬ ಉತ್ತರ ಬಂತು. ಎಲ್ಲರೂ ಮಾಡುತ್ತಿದ್ದುದನ್ನು ಇವನು ಮೊದಲು ಹೇಳಿದ. ಶ್ಲಿಟ್ಜ್ ಮಾರಾಟ ಏರಿತು. ಹೇಳಿದ್ದರಲ್ಲಿ ಸುಳ್ಳಿಲ್ಲ. ಉಳಿದವರು ಹಾಗೆ ಮಾಡುವುದಿಲ್ಲವೇನೋ ಎಂದು ಓದುಗ ಅಂದುಕೊಂಡರೆ, ಹಾಗಲ್ಲ ಎನ್ನಲು ಅಲ್ಲಿ ಯಾರೂ ಇರಲಿಲ್ಲ, ಅಷ್ಟೆ.

ಅವನ ದೊಡ್ಡ ಕೊಡುಗೆ ಅಳತೆ. ಒಂದೊಂದು ಜಾಹೀರಾತಿಗೂ ಬೇರೆ ಬೇರೆ ಗುರುತಿನ ಕೂಪನ್ ಹಾಕಿಸಿ, ಅಂಚೆಯಲ್ಲಿ ಯಾವುದೆಷ್ಟು ಬಂತೆಂದು ಎಣಿಸಿ, ಯಾವ ಶೀರ್ಷಿಕೆ ಗೆದ್ದಿತೆಂದು ತೀರ್ಮಾನಿಸುವುದು. ಇಂದಿನ ಡಿಜಿಟಲ್ ಏಜೆನ್ಸಿಗಳು ಎರಡು ಬ್ಯಾನರ್ ಬಿಟ್ಟು ಕ್ಲಿಕ್ ಎಣಿಸುವುದೂ ಅದೇ.

ಆದರೆ ಪಠ್ಯಪುಸ್ತಕಗಳು ಹಾರಿಸಿಬಿಡುವ ಒಂದು ಅಧ್ಯಾಯವಿದೆ: ಲಿಕ್ವೊಜೋನ್. ಷಿಕಾಗೋದಿಂದ ಬರುತ್ತಿದ್ದ ಈ ‘ಔಷಧ’ದ ಉದ್ಯಮದಲ್ಲಿ ಹಾಪ್ಕಿನ್ಸ್ ಪಾಲುದಾರ. ಕೂಪನ್ ಕಳಿಸಿದವರಿಗೆ ಮೊದಲ ಬಾಟಲಿ ಉಚಿತ. ಕ್ಷಯ, ಕ್ಯಾನ್ಸರ್, ಆಸ್ತಮಾ ಎಲ್ಲವೂ ಅದು ಗುಣಪಡಿಸುತ್ತದೆಂದ ರೋಗಗಳ ಪಟ್ಟಿಯಲ್ಲಿದ್ದವು. 1905ರಲ್ಲಿ ‘ಕಾಲಿಯರ್ಸ್’ ಪತ್ರಿಕೆಯಲ್ಲಿ ಪತ್ರಕರ್ತ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ಅದನ್ನು ಬಯಲಿಗೆಳೆದ. ಬಾಟಲಿಯಲ್ಲಿದ್ದದ್ದು ಹೆಚ್ಚುಕಡಿಮೆ ಬರೀ ನೀರು, ಜೊತೆಗೆ ಚೂರು ಗಂಧಕದ ಆಮ್ಲ. ಮರುವರ್ಷವೇ ಅಮೆರಿಕದಲ್ಲಿ ಆಹಾರ ಮತ್ತು ಔಷಧ ಕಾಯ್ದೆ ಬಂತು.

ಇಲ್ಲಿ ಹಾಪ್ಕಿನ್ಸನನ್ನು ಕಳ್ಳ ಎಂದು ಕರೆದು ಕೈತೊಳೆದುಕೊಳ್ಳುವುದು ಸುಲಭ. ನನ್ನನ್ನು ಕಾಡುವುದು ಬೇರೆಯೇ. ಶ್ಲಿಟ್ಜ್ ಬಾಟಲಿಯನ್ನೂ ಲಿಕ್ವೊಜೋನ್ ಬಾಟಲಿಯನ್ನೂ ಮಾರಿದ್ದು ಒಂದೇ ಬುದ್ಧಿ. ಜನ ನಂಬಿದರೇ ಎಂಬುದನ್ನು ಕೂಪನ್ ಕರಾರುವಾಕ್ಕಾಗಿ ಹೇಳಿತು. ನಂಬಿದ್ದು ನಿಜವೇ ಎಂದು ಅದನ್ನು ಯಾರೂ ಕೇಳಲಿಲ್ಲ, ಕೇಳಿದರೂ ಅದಕ್ಕೆ ಹೇಳಲು ಬರುತ್ತಿರಲಿಲ್ಲ.

ನಮ್ಮಲ್ಲಿ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳ ಕಾಯ್ದೆ ಬಂದದ್ದು 1954ರಲ್ಲಿ. ಆದರೂ ಸಕ್ಕರೆ ಕಾಯಿಲೆ ಬುಡಸಮೇತ ಹೋಗುತ್ತದೆನ್ನುವ ವಿಡಿಯೊಗಳು ಇಂದಿಗೂ ನಮ್ಮ ಫೋನಿಗೆ ಬರುತ್ತಲೇ ಇವೆ.

ಹಾಗಾಗಿ ಪ್ರಬಂಧಕಾರರಲ್ಲಿ ಒಂದು ಕೋರಿಕೆ. ಯಾವುದಾದರೂ ಪ್ರಚಾರ ಗೆದ್ದಿತೆಂದು ಅಂಕಿಅಂಶ ತೋರಿಸುವಾಗ, ಅದರಲ್ಲಿ ಹೇಳಿದ್ದನ್ನು ಪರೀಕ್ಷಿಸಿದವರು ಯಾರು ಎಂದೂ ಒಂದು ಸಾಲು ಸೇರಿಸಿ. ಯಾರೂ ಇಲ್ಲದಿದ್ದರೆ ‘ಯಾರೂ ಇಲ್ಲ’ ಎಂದೇ ಬರೆಯಿರಿ. ಮೊದಲ ಗೋಷ್ಠಿ ಆರೋಗ್ಯ ಉತ್ಪನ್ನಗಳದ್ದೇ ಆದ್ದರಿಂದ, ಅಲ್ಲಿಂದಲೇ ಶುರುವಾಗಲಿ.