ಗಡೀಪಾರಾದ ಕವಿ ಕಟ್ಟಿದ ನ್ಯಾಯಾಲಯ

(ನಗರದ ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಈಚೆಗೆ ಮಾಡಿದ ಭಾಷಣದ ಬರಹರೂಪ)



ಡಾಂಟೆಯ 'ಡಿವೈನ್ ಕಾಮೆಡಿ' ಕುರಿತು ಮಾತನಾಡಬೇಕೆಂದು ನೀವು ಕೇಳಿದಾಗ ಒಪ್ಪಿಕೊಳ್ಳಲು ಅಂಜಿದೆ. ನಾನು ಸಾಹಿತ್ಯದ ಪಂಡಿತನಲ್ಲ. ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿ ವರದಿಗಾರನಾದವನು. ಕೋರ್ಟಿನ ಕಲಾಪ ವರದಿ ಮಾಡುವುದೂ ನನ್ನ ಕೆಲಸದಲ್ಲಿ ಸೇರಿದೆ. ಬಹುಶಃ ಅದಕ್ಕೇ ಇರಬೇಕು, ಈ ಮಹಾಕಾವ್ಯದ ಹಿನ್ನೆಲೆ ಓದುವಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಒಂದು ತೀರ್ಪು. ಅಲ್ಲಿಂದಲೇ ಆರಂಭಿಸುತ್ತೇನೆ.

ಇಟಲಿಯ ಫ್ಲಾರೆನ್ಸ್ ನಗರ. 1302ರ ಜನವರಿ 27. ಅಧಿಕಾರದಲ್ಲಿದ್ದಾಗ ಲಂಚ ತಿಂದನೆಂಬ ಆರೋಪದ ಮೇಲೆ ಮೂವತ್ತಾರು ವರ್ಷದ ಡಾಂಟೆ ಅಲಿಗಿಯೇರಿಗೆ 5,000 ಫ್ಲಾರಿನ್ ದಂಡ, ಎರಡು ವರ್ಷ ಗಡೀಪಾರು, ಜೀವನಪರ್ಯಂತ ಸಾರ್ವಜನಿಕ ಹುದ್ದೆಗೆ ನಿಷೇಧ. ಆರೋಪಿ ಊರಲ್ಲಿರಲಿಲ್ಲ, ಅವನ ವಾದವನ್ನು ಯಾರೂ ಕೇಳಲಿಲ್ಲ. ಅವನು ದಂಡ ಕಟ್ಟಲಿಲ್ಲ, ಹಾಜರಾಗಲೂ ಇಲ್ಲ. ಮಾರ್ಚ್ 10ರಂದು ಎರಡನೆಯ ತೀರ್ಪು ಬಂತು: ನಗರದ ಕೈಗೆ ಸಿಕ್ಕಿದರೆ ಜೀವಂತ ಸುಡಬೇಕು. ಮುಂದೆ ಹತ್ತೊಂಬತ್ತು ವರ್ಷ ಬದುಕಿದ ಆತ ಮತ್ತೆ ಹುಟ್ಟೂರಿನ ಮುಖ ನೋಡಲಿಲ್ಲ.

ಇದು ಹೇಗಾಯಿತು? ಫ್ಲಾರೆನ್ಸ್ ಆಗ ಉಣ್ಣೆ ವ್ಯಾಪಾರ ಮತ್ತು ಲೇವಾದೇವಿಯಿಂದ ಕೊಬ್ಬಿದ ಊರು. 1252ರಿಂದ ಅದು ಟಂಕಿಸುತ್ತಿದ್ದ ಫ್ಲಾರಿನ್ ಎಂಬ ಚಿನ್ನದ ನಾಣ್ಯ ಯೂರೋಪಿನಾದ್ಯಂತ ಚಲಾವಣೆಯಲ್ಲಿತ್ತು. ಹಣದ ಜೊತೆಗೆ ಹಗೆಯೂ ಬೆಳೆದಿತ್ತು. ಮೊದಲು ಪೋಪ್ ಪರವಾದ ಗ್ವೆಲ್ಫ್ ಮತ್ತು ಚಕ್ರವರ್ತಿಯ ಪರವಾದ ಗಿಬೆಲೀನ್ ಎಂಬ ಎರಡು ಪಕ್ಷಗಳ ಕಾದಾಟ. ಗ್ವೆಲ್ಫರು ಗೆದ್ದ ಮೇಲೆ ಅವರೇ 'ಕಪ್ಪು', 'ಬಿಳಿ' ಎಂದು ಒಡೆದರು. ಗೆದ್ದವರು ಸೋತವರನ್ನು ಊರಿನಿಂದ ಅಟ್ಟುವುದು, ಮನೆ ಕೆಡವುವುದು, ಆಸ್ತಿ ಕಿತ್ತುಕೊಳ್ಳುವುದು, ಇದೇ ಅಲ್ಲಿನ ರಾಜಕೀಯ.

ಡಾಂಟೆ ಬಿಳಿಯರ ಪಕ್ಷದವನು. ನಗರದ ಆಡಳಿತ 'ಪ್ರಯರ್' ಎಂಬ ಆರು ಮಂದಿಯ ಕೈಯಲ್ಲಿತ್ತು. ಅವರ ಅವಧಿ ಎರಡೇ ತಿಂಗಳು. 1300ರ ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ ಡಾಂಟೆ ಆ ಆರು ಮಂದಿಯಲ್ಲಿ ಒಬ್ಬನಾಗಿದ್ದ. 1301ರ ನವೆಂಬರಿನಲ್ಲಿ ಪೋಪ್ ಎಂಟನೆಯ ಬೋನಿಫೇಸ್‌ನ ಕಡೆಯಿಂದ 'ಶಾಂತಿದೂತ'ನಾಗಿ ಬಂದ ಫ್ರೆಂಚ್ ರಾಜನ ತಮ್ಮ ಚಾರ್ಲ್ಸ್, ಸೈನ್ಯದೊಂದಿಗೆ ಊರು ಹೊಕ್ಕ. ಅವನ ಬೆಂಬಲದಿಂದ ಕಪ್ಪು ಪಕ್ಷ ಅಧಿಕಾರ ಹಿಡಿಯಿತು. ಮುಂದಿನದು ಆಗಲೇ ಹೇಳಿದ ತೀರ್ಪು.

ಮೇಲ್ಮನವಿ ಸಲ್ಲಿಸಲು ಡಾಂಟೆಗೆ ಈ ಲೋಕದಲ್ಲಿ ಕೋರ್ಟಿರಲಿಲ್ಲ. ಆದ್ದರಿಂದ ಅವನು ಪರಲೋಕದಲ್ಲಿ ಒಂದನ್ನು ಕಟ್ಟಿದ ಎಂದು ನನಗನ್ನಿಸುತ್ತದೆ.

ದೇಶಭ್ರಷ್ಟನಾಗಿ ಅಲೆಯುತ್ತ ಬರೆದ ಈ ಕಾವ್ಯದಲ್ಲಿ ನೂರು ಸರ್ಗಗಳು, 14,233 ಸಾಲುಗಳು. ಅವನಿಟ್ಟ ಹೆಸರು ಬರೀ 'ಕಾಮೆಡಿ'. 'ಡಿವೈನ್', ಅಂದರೆ ದಿವ್ಯ ಎಂಬ ವಿಶೇಷಣ ಪುಸ್ತಕದ ಹೆಸರಿಗೆ ಸೇರಿದ್ದು 1555ರ ವೆನಿಸ್ ಮುದ್ರಣದಲ್ಲಿ. ದಾರಿತಪ್ಪಿದ ಡಾಂಟೆಯನ್ನು ಪ್ರಾಚೀನ ರೋಮಿನ ಕವಿ ವರ್ಜಿಲ್ ನರಕದ ಮೂಲಕ, ಆಮೇಲೆ ಪರ್ಗೆಟರಿ ಎಂಬ ಶುದ್ಧಿಲೋಕದ ಬೆಟ್ಟಕ್ಕೆ ಕರೆದೊಯ್ಯುತ್ತಾನೆ. ಅಲ್ಲಿಂದ ಸ್ವರ್ಗಕ್ಕೆ ದಾರಿ ತೋರುವವಳು ಅವನು ಎಳವೆಯಿಂದ ಪ್ರೀತಿಸಿದ್ದ, 1290ರಲ್ಲಿ ತೀರಿಕೊಂಡ ಬಿಯಾಟ್ರಿಸ್.

ಶುದ್ಧಿಲೋಕದ ವಿಚಾರ ಆ ಕಾಲಕ್ಕೆ ಹೊಸದರಂತೆಯೇ ಇತ್ತು. ಸತ್ತವರಿಗಾಗಿ ಪ್ರಾರ್ಥಿಸುವುದು ಕ್ರೈಸ್ತರಲ್ಲಿ ಹಳೆಯ ಪದ್ಧತಿ. ಆದರೆ ನರಕ, ಸ್ವರ್ಗಗಳ ನಡುವೆ ಮೂರನೆಯ ಒಂದು ಸ್ಥಳಕ್ಕೆ ಸ್ವಂತ ಹೆಸರು ಬಂದದ್ದು ಹನ್ನೆರಡನೆಯ ಶತಮಾನದ ಕೊನೆಯಲ್ಲಿ ಎನ್ನುತ್ತಾರೆ ಫ್ರೆಂಚ್ ಇತಿಹಾಸಕಾರ ಜಾಕ್ ಲ ಗಾಫ್. ಸಾವಿನ ನಂತರ ಆತ್ಮದ ಶುದ್ಧಿಯಾಗುತ್ತದೆ, ಬದುಕಿರುವವರ ಪ್ರಾರ್ಥನೆ ಅದಕ್ಕೆ ನೆರವಾಗುತ್ತದೆ ಎಂಬ ಬೋಧನೆಯನ್ನು 1274ರಲ್ಲಿ ಲಿಯಾನ್ ಧರ್ಮಸಭೆ ಅಂಗೀಕರಿಸಿತು. 1300ರಲ್ಲಿ ಬೋನಿಫೇಸ್ ಮೊದಲ ಜುಬಿಲಿ ವರ್ಷವನ್ನು ಘೋಷಿಸಿದ: ಪಾಪ ಒಪ್ಪಿಕೊಂಡು ರೋಮಿನ ಸೇಂಟ್ ಪೀಟರ್, ಸೇಂಟ್ ಪಾಲ್ ಚರ್ಚುಗಳಿಗೆ ಊರಿನವರು 30 ದಿನ, ಹೊರಗಿನವರು 15 ದಿನ ಭೇಟಿಯಿತ್ತರೆ ಪಾಪದ ಶಿಕ್ಷೆ ಪೂರ್ತಿ ಮಾಫಿ. ಜನಸಾಗರ ಹರಿದು ಬಂತು. ಸೇತುವೆಯ ಮೇಲೆ ಹೋಗುವವರಿಗೊಂದು, ಬರುವವರಿಗೊಂದು ಸಾಲು ಮಾಡಬೇಕಾಯಿತು. ಡಾಂಟೆ ಆ ನೋಟವನ್ನು ಕಾವ್ಯದಲ್ಲಿ ಬಳಸಿದ್ದಾನೆ. ಎಲ್ಲಿ ಗೊತ್ತೆ? ನರಕದಲ್ಲಿ, ತಲೆಹಿಡುಕರ ಸಾಲುಗಳನ್ನು ವರ್ಣಿಸುವಾಗ!

ಕಾವ್ಯದ ಕಥೆ ನಡೆಯುವುದೂ ಅದೇ 1300ರ ಈಸ್ಟರ್ ವಾರದಲ್ಲಿ. ಬರೆದದ್ದು ಅದೆಷ್ಟೋ ವರ್ಷಗಳ ನಂತರ. ಹೀಗಾಗಿ ಬರೆಯುವವನಿಗೆ ಗೊತ್ತಿದ್ದದ್ದೆಲ್ಲ ಕಾವ್ಯದೊಳಗೆ ಭವಿಷ್ಯವಾಣಿಯಾಗುತ್ತದೆ. ಬೋನಿಫೇಸ್ ಸತ್ತದ್ದು 1303ರಲ್ಲಿ. 1300ರ ನರಕದಲ್ಲಿ ಅವನನ್ನು ತೋರಿಸುವಂತಿಲ್ಲ. ಡಾಂಟೆಯ ಉಪಾಯ ನೋಡಿ. ಧರ್ಮಪದವಿಗಳನ್ನು ಮಾರಿಕೊಂಡವರು ಬಂಡೆಯ ಕುಳಿಗಳಲ್ಲಿ ತಲೆಕೆಳಗಾಗಿ ಹೂತಿದ್ದಾರೆ, ಅಂಗಾಲು ಉರಿಯುತ್ತಿದೆ. ಅವರಲ್ಲೊಬ್ಬ ಹಿಂದಿನ ಪೋಪ್ ಮೂರನೆಯ ನಿಕೊಲಸ್. ಡಾಂಟೆಯ ದನಿ ಕೇಳಿ ಅವನು, ಬೋನಿಫೇಸ್ ಇಷ್ಟು ಬೇಗ ಬಂದನೇ ಎಂದು ಬೆರಗಾಗುತ್ತಾನೆ. ಜಾಗ ಕಾದಿರಿಸಿದ್ದಾಯಿತು!

ಹಾಗಾದರೆ ಇದು ಬರೀ ಸೇಡಿನ ಕಾವ್ಯವೇ? ಸೇಡು ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಸೇಡಷ್ಟೇ ಆಗಿದ್ದರೆ ಶತ್ರುಗಳು ನರಕದಲ್ಲಿ, ಮಿತ್ರರು ಸ್ವರ್ಗದಲ್ಲಿ ಇರಬೇಕಿತ್ತು. ತಂದೆಯಂತೆ ಗೌರವಿಸಿದ್ದ ಗುರು ಬ್ರುನೆಟೊ ಲಾಟಿನಿಯನ್ನು ಡಾಂಟೆ ನರಕದ ಬೆಂಕಿಮಳೆಯಲ್ಲಿ ಕಾಣುತ್ತಾನೆ, ತಲೆಬಾಗಿ ಪಕ್ಕದಲ್ಲಿ ನಡೆಯುತ್ತಾನೆ. ಇತ್ತ, ಪೋಪರು ಬಹಿಷ್ಕರಿಸಿದ್ದ, ಹೂತ ಶವವನ್ನೂ ತೆಗೆಸಿ ಎಸೆಸಿದ್ದ ರಾಜ ಮ್ಯಾನ್‌ಫ್ರೆಡ್ ಶುದ್ಧಿಲೋಕದಲ್ಲಿದ್ದಾನೆ. ಸಾಯುವ ಕ್ಷಣದ ಪಶ್ಚಾತ್ತಾಪ ಅವನನ್ನು ಉಳಿಸಿದೆ. ಚರ್ಚಿನ ಬಹಿಷ್ಕಾರವೇ ಕೊನೆಯ ಮಾತಲ್ಲ ಎಂದು ಆ ಕಾಲದಲ್ಲಿ ಹೇಳಲು ಎದೆಗಾರಿಕೆ ಬೇಕಿತ್ತು.

ಇನ್ನೊಂದು ಪ್ರಸಂಗವಿದೆ. ಡಾಂಟೆ ಪ್ರಯರ್ ಆಗಿದ್ದ ಎರಡು ತಿಂಗಳಲ್ಲಿ, ಬೀದಿ ಕಾಳಗ ನಿಲ್ಲಿಸಲು ಎರಡೂ ಪಕ್ಷಗಳ ಮುಖಂಡರನ್ನು ಊರಾಚೆ ಹಾಕಲಾಯಿತು. ಅವರಲ್ಲಿ ಒಬ್ಬ ಕವಿ ಗುಯಿಡೊ ಕವಲ್ಕಾಂಟಿ, ಡಾಂಟೆಯ ಪ್ರಾಣಸ್ನೇಹಿತ. ಅವನು ಅಲ್ಲಿ ಕಾಯಿಲೆ ಬಿದ್ದು, ಊರಿಗೆ ಮರಳಿದವನೇ ಅದೇ ಆಗಸ್ಟಿನಲ್ಲಿ ತೀರಿಕೊಂಡ.

ಈಗ ಕಾವ್ಯಕ್ಕೆ ಬನ್ನಿ. ನರಕದ ಉರಿಯುವ ಗೋರಿಯೊಂದರಿಂದ ಗುಯಿಡೊವಿನ ತಂದೆ ತಲೆ ಎತ್ತುತ್ತಾನೆ. ಡಾಂಟೆ ಒಬ್ಬನೇ ಬಂದದ್ದು ಕಂಡು, ನನ್ನ ಮಗನೆಲ್ಲಿ ಎಂದು ಕೇಳುತ್ತಾನೆ. ಡಾಂಟೆಯ ಮಾತಿನಲ್ಲಿ ಭೂತಕಾಲದ ಒಂದು ಕ್ರಿಯಾಪದ ನುಸುಳುತ್ತದೆ. ಮಗ ಬದುಕಿಲ್ಲವೇ ಎಂದು ಮುದುಕ ಗಾಬರಿಯಾಗುತ್ತಾನೆ. ಡಾಂಟೆ ಉತ್ತರಿಸಲು ತಡವರಿಸಿದಷ್ಟರಲ್ಲಿ ಅವನು ಗೋರಿಯೊಳಕ್ಕೆ ಕುಸಿದು ಬೀಳುತ್ತಾನೆ, ಮತ್ತೆ ಮೇಲೇಳುವುದಿಲ್ಲ. ಕಥೆಯ ಈಸ್ಟರಿನಲ್ಲಿ ಮಗ ಇನ್ನೂ ಬದುಕಿದ್ದಾನೆ. ಬರೆಯುತ್ತಿರುವ ಡಾಂಟೆಗೆ ಮಾತ್ರ ಗೊತ್ತು, ಅವನನ್ನು ಗಡೀಪಾರು ಮಾಡಿದ ಆರು ಮಂದಿಯಲ್ಲಿ ತಾನೂ ಒಬ್ಬನೆಂದು. ಅದನ್ನು ಅವನು ಕಾವ್ಯದಲ್ಲಿ ಬಾಯಿಬಿಟ್ಟು ಹೇಳಿಲ್ಲ. ಆ ತಡವರಿಕೆಯನ್ನಷ್ಟೇ ದಾಖಲಿಸಿದ್ದಾನೆ.

ತನಗಾದ ಅನ್ಯಾಯ ಹೇಳಿಕೊಳ್ಳುವುದು ಸುಲಭ, ತನ್ನ ಕೈಯಿಂದಾದದ್ದನ್ನು ನೆನೆಯುವುದು ಕಷ್ಟ. ಫ್ಲಾರೆನ್ಸಿನ ನ್ಯಾಯಾಧೀಶರು ಕಟಕಟೆಯಲ್ಲಿ ಬರೀ ಎದುರಾಳಿಗಳನ್ನು ನಿಲ್ಲಿಸಿದರು. ಡಾಂಟೆ ತನ್ನನ್ನೂ ನಿಲ್ಲಿಸಿಕೊಂಡ. ಶುದ್ಧಿಲೋಕದಲ್ಲಿ ಗರ್ವಿಗಳು ಬಂಡೆ ಹೊತ್ತು ಬಾಗಿ ನಡೆಯುವ ಕಡೆ ತಾನೂ ಬಾಗಿ ನಡೆಯುತ್ತಾನೆ. ಸತ್ತ ಮೇಲೆ ಆ ಹೊರೆ ತನ್ನ ಹೆಗಲಿಗೂ ಬರಲಿದೆ ಎನ್ನುತ್ತಾನೆ. ಈ ವಿಚಾರಣೆಯನ್ನು ಅವನು ಪಂಡಿತರ ಲ್ಯಾಟಿನ್ ಬಿಟ್ಟು ತನ್ನ ಊರಿನ ಆಡುಮಾತಿನಲ್ಲಿ ನಡೆಸಿದ್ದೂ ಮುಖ್ಯ. ಸಾಮಾನ್ಯ ಜನ ಕೇಳುವಂತಿದ್ದರೆ ತಾನೆ ಅದು ಬಹಿರಂಗ ವಿಚಾರಣೆ?

1315ರಲ್ಲಿ ಫ್ಲಾರೆನ್ಸ್ ಕ್ಷಮೆ ನೀಡಲು ಮುಂದಾಯಿತು. ದಂಡ ಕಟ್ಟಿ, ಬಹಿರಂಗವಾಗಿ ತಪ್ಪೊಪ್ಪಿಕೊಳ್ಳಬೇಕೆಂಬ ಷರತ್ತು. ಡಾಂಟೆ ಒಲ್ಲೆನೆಂದ. 1321ರ ಸೆಪ್ಟೆಂಬರಿನಲ್ಲಿ ರವೆನ್ನಾದಲ್ಲಿ ತೀರಿಕೊಂಡ. ಆಮೇಲೆ ಫ್ಲಾರೆನ್ಸ್ ಅಸ್ಥಿಗಾಗಿ ಮತ್ತೆ ಮತ್ತೆ ಬೇಡಿತು. ರವೆನ್ನಾದ ಸಂನ್ಯಾಸಿಗಳು ಎಲುಬುಗಳನ್ನು ಬಚ್ಚಿಟ್ಟರು. ಅವು ಪತ್ತೆಯಾದದ್ದು 1865ರಲ್ಲಿ. ಫ್ಲಾರೆನ್ಸಿನ ಸಾಂತಾ ಕ್ರೋಚೆ ಚರ್ಚಿನಲ್ಲಿ ಡಾಂಟೆಯ ಭವ್ಯ ಸಮಾಧಿಯಿದೆ. ಒಳಗೆ ಏನೂ ಇಲ್ಲ.

2008ರ ಜೂನಿನಲ್ಲಿ ಫ್ಲಾರೆನ್ಸ್ ನಗರಸಭೆ 1302ರ ಶಿಕ್ಷೆಯನ್ನು ರದ್ದುಗೊಳಿಸುವ ನಿರ್ಣಯ ಅಂಗೀಕರಿಸಿತು. ಪರ 19 ಮತ, ವಿರೋಧ 5. ಏಳುನೂರು ವರ್ಷದ ನಂತರವೂ ಒಮ್ಮತವಿರಲಿಲ್ಲ. ಡಾಂಟೆ ಈ ಊರಿನ ಕೋರ್ಟನ್ನು ನಂಬದೆ ಇನ್ನೊಂದು ಕೋರ್ಟಿಗೆ ಹೋದದ್ದು ಸರಿಯೇ ಇತ್ತೇನೋ!