ಗ್ರಾಮ ಅರಣ್ಯ ಸಮಿತಿ: ಕಾಯೋದು ಊರು, ತೀರ್ಮಾನ ಯಾರದ್ದು?

ಇವತ್ತಿನ ವಿಷಯ ಗ್ರಾಮ ಅರಣ್ಯ ಸಮಿತಿ. ಮಲೆನಾಡಿನ ಕಡೆ ಇದನ್ನ ಪೂರ್ತಿ ಹೆಸರಲ್ಲಿ ಕರೆಯೋರು ಕಡಿಮೆ, ವಿಎಫ್‌ಸಿ ಅಂದ್ರೇನೇ ಗೊತ್ತಾಗೋದು. ಊರಿನವರು ಮತ್ತು ಅರಣ್ಯ ಇಲಾಖೆ ಸೇರಿ ಕಾಡು ಬೆಳೆಸಬೇಕು, ಬಂದ ಆದಾಯ ಹಂಚಿಕೊಳ್ಳಬೇಕು ಅನ್ನೋದು ಇದರ ಹಿಂದಿರೋ ಲೆಕ್ಕ. ಕರ್ನಾಟಕದಲ್ಲಿ ಇದಕ್ಕೆ ಸರ್ಕಾರಿ ಆದೇಶ ಬಂದಿದ್ದು 1993ರಲ್ಲಿ. ಮೂವತ್ತು ವರ್ಷ ದಾಟಿತು. ಆದ್ರೂ ಎಷ್ಟೋ ಊರುಗಳಲ್ಲಿ ಸಮಿತಿ ಅಂದ್ರೆ ರಸ್ತೆ ಪಕ್ಕದ ಒಂದು ಬೋರ್ಡು, ಬ್ಯಾಂಕಿನ ಒಂದು ಪಾಸ್‌ಬುಕ್ಕು, ಅಷ್ಟೇ.

ಇದು ಶುರುವಾಗಿದ್ದು ನಮ್ಮಲ್ಲಲ್ಲ, ಪಶ್ಚಿಮ ಬಂಗಾಳದ ಮಿಡ್ನಾಪುರ ಜಿಲ್ಲೆಯ ಅರಾಬಾರಿಯಲ್ಲಿ. 1970ರ ದಶಕದ ಆರಂಭದಲ್ಲಿ ಅಲ್ಲಿ ಅಜಿತ್ ಕುಮಾರ್ ಬ್ಯಾನರ್ಜಿ ಅಂತ ಒಬ್ಬ ಅರಣ್ಯಾಧಿಕಾರಿ ಇದ್ದರು. ಸಾಲ್ ಮರದ ಕಾಡು ಬೋಳಾಗಿತ್ತು, ಬೊಡ್ಡೆಗಳಷ್ಟೇ ಉಳಿದಿದ್ದವು. ಕಾವಲಿಗೆ ಗಾರ್ಡುಗಳನ್ನ ಹಾಕಿ ಪ್ರಯೋಜನ ಆಗಿರಲಿಲ್ಲ. ಅವರು ಹನ್ನೊಂದು ಹಳ್ಳಿಗಳ ಆರುನೂರು ಚಿಲ್ಲರೆ ಕುಟುಂಬಗಳ ಜೊತೆ ಒಂದು ಒಪ್ಪಂದಕ್ಕೆ ಬಂದರು: ಸುಮಾರು 1,200 ಹೆಕ್ಟೇರ್ ನೀವು ಕಾಯಿರಿ, ಕೆಲಸ ಕೊಡ್ತೀವಿ, ಕಟಾವಿನ ಲಾಭದಲ್ಲಿ ಶೇಕಡಾ 25 ನಿಮ್ಮದು. ಸಾಲ್ ಮರದ ಗುಣ ಏನು ಅಂದ್ರೆ, ಕಡಿದ ಬೊಡ್ಡೆಯಿಂದಲೇ ಮತ್ತೆ ಚಿಗುರುತ್ತೆ. ದನ ತಿನ್ನದ ಹಾಗೆ, ಕೊಡಲಿ ಬೀಳದ ಹಾಗೆ ನೋಡಿಕೊಂಡ್ರೆ ಸಾಕು, ಕಾಡು ತಾನಾಗಿ ಎದ್ದು ನಿಲ್ಲುತ್ತೆ. ಅಲ್ಲಿ ಹಾಗೇ ಆಯ್ತು. 1990ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಎಲ್ಲಾ ರಾಜ್ಯಗಳಿಗೂ ಸುತ್ತೋಲೆ ಕಳಿಸಿತು.

ಈ ಮಾದರಿ ಪಶ್ಚಿಮಘಟ್ಟಕ್ಕೆ ಬಂದಾಗ ಏನಾಯ್ತು? ಇಲ್ಲಿ ಸಾಲ್ ಇಲ್ಲ. ಮತ್ತಿ, ನಂದಿ, ಹೊನ್ನೆ ಎಲ್ಲಾ ದಶಕಗಟ್ಟಲೆ ಕಾಯಬೇಕಾದ ಮರ. ಬೇಗ ಆದಾಯ ಕಾಣಬೇಕು ಅಂದ್ರೆ ಅಕೇಶಿಯಾ ನೆಡಬೇಕು, ಅದೇ ನೆಟ್ಟರು. ಆದ್ರೆ ಅಡಿಕೆ ತೋಟದವನಿಗೆ ಬೇಕಿರೋದು ಸೊಪ್ಪು, ದನ ಕಟ್ಟಿದವನಿಗೆ ಹುಲ್ಲು, ಕೂಲಿ ಮನೆಯವಳಿಗೆ ಒಲೆಗೆ ಪುಳ್ಳೆ, ಮಾರೋಕೆ ಉಪ್ಪಾಗೆ, ಮುರುಗಲು. ಅಕೇಶಿಯಾ ಎಲೆ ದನ ಮುಟ್ಟಲ್ಲ, ಗೊಬ್ಬರಕ್ಕೆ ಹಾಕಿದ್ರೆ ಬೇಗ ಕರಗಲ್ಲ. ಹಾಗಾದ್ರೆ ಆ ಗಿಡ ಬೇಕು ಅಂತ ಯಾವ ಊರು ಕೇಳಿತ್ತು?

ನನ್ನ ತಕರಾರು ಇರೋದು ಇಲ್ಲೇ. ಆದೇಶದಲ್ಲಿ ಪಾಲು ಸ್ಪಷ್ಟವಾಗಿದೆ, ತೀರ್ಮಾನ ಯಾರದ್ದು ಅನ್ನೋದು ಸ್ಪಷ್ಟವಿಲ್ಲ. ಅಧ್ಯಕ್ಷರು ಊರಿನವರು ಸರಿ, ಆದ್ರೆ ಕಾರ್ಯದರ್ಶಿ ಇಲಾಖೆಯ ಫಾರೆಸ್ಟರ್. ಖಾತೆಗೆ ಇಬ್ಬರ ಸಹಿ ಬೇಕು. ಆರಂಭದಲ್ಲಿ ಊರಿಗೆ ಸಿಕ್ಕಿದ್ದು ಬಹುಪಾಲು ಹಾಳುಬಿದ್ದ ಕಾಡು. ಚೆನ್ನಾಗಿರೋದು ಇಲಾಖೆ ಹತ್ತಿರವೇ ಉಳೀತು. ವಿದೇಶಿ ನೆರವಿನ ಯೋಜನೆ ಇರೋವರೆಗೆ ಸಭೆ, ಚಹಾ, ನರ್ಸರಿ. ದುಡ್ಡು ನಿಂತ ಮೇಲೆ ಸಭೆಯೂ ನಿಂತಿತು. ಫಾರೆಸ್ಟರ್‌ಗಳನ್ನೇ ಬೈದು ಪ್ರಯೋಜನ ಇಲ್ಲ. ಎಷ್ಟೋ ಜನ ಮನಸ್ಸಿಟ್ಟು ಕೆಲಸ ಮಾಡಿದಾರೆ, ವರ್ಗಾವಣೆಯಾಗಿ ಹೋಗಿದಾರೆ. ಹೊಸಬರು ಬಂದ ಮೇಲೆ ಪರಿಚಯದಿಂದಲೇ ಶುರು.

ಊರಿಗೆ ತೀರ್ಮಾನ ಬಿಟ್ಟುಕೊಟ್ರೆ ಕಾಡು ಉಳಿಯುತ್ತಾ ಅಂತ ಕೇಳೋರಿಗೆ ನಾನು ಹೇಳೋದು ಕುಮಟಾ ತಾಲ್ಲೂಕಿನ ಹಳಕಾರ. ಮುಂಬಯಿ ಪ್ರಾಂತ್ಯದ ಕಾಲದಲ್ಲಿ, 1920ರ ದಶಕದಲ್ಲೇ ಅಲ್ಲಿ ಗ್ರಾಮ ಅರಣ್ಯ ಪಂಚಾಯಿತಿ ಆಗಿತ್ತು. ಯಾರು ಎಷ್ಟು ಸೊಪ್ಪು, ಕಟ್ಟಿಗೆ ತರಬಹುದು ಅಂತ ಊರೇ ನಿಯಮ ಮಾಡಿಕೊಂಡು, ಕಾವಲುಗಾರನನ್ನೂ ಇಟ್ಟುಕೊಂಡು ನಡೆಸಿತು. ಮುಂದೆ ಸರ್ಕಾರ ಇಂಥ ಪಂಚಾಯಿತಿಗಳನ್ನ ರದ್ದು ಮಾಡೋಕೆ ಹೊರಟಾಗ ಹಳಕಾರದವರು ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದರು. ಯೋಚನೆ ಮಾಡಿ, ಕಾಡು ಕಾಯೋ ಹಕ್ಕಿಗೋಸ್ಕರ ಒಂದು ಊರು ಕೋರ್ಟ್ ಮೆಟ್ಟಿಲು ಹತ್ತಿದೆ. ಪಾಸ್‌ಬುಕ್ಕು ಉಳಿಸಿಕೊಳ್ಳೋಕೆ ಯಾರು ಹಾಗೆ ಹೋಗ್ತಾರೆ?

2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ ಇನ್ನೊಂದು ದಾರಿ ತೆರೆದಿದೆ. ಇದು ಯೋಜನೆ ಅಲ್ಲ, ಕಾನೂನು. ಸಮುದಾಯ ಹಕ್ಕು ಗ್ರಾಮಸಭೆಗೇ ಸಿಗುತ್ತೆ. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಿಕ್ಕಿತು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ. ಅದಕ್ಕೂ ಮುಂಚೆ ಅಲ್ಲಿ ಜೇನು, ನೆಲ್ಲಿಕಾಯಿ ಮಾರಾಟಕ್ಕೆ ತರೋದಕ್ಕೇ ನಿಷೇಧ ಇತ್ತು. ಮಲೆನಾಡಿನ ಉಳಿದ ಊರುಗಳಿಗೆ ಈ ದಾರಿ ಸುಲಭವಿಲ್ಲ. ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಅಂದ್ರೆ 75 ವರ್ಷದ ವಾಸ ತೋರಿಸಬೇಕು. ಅರ್ಜಿಗಳು ಸಿಕ್ಕಿಬೀಳೋದು ಹೆಚ್ಚಾಗಿ ಅಲ್ಲೇ.

ಹಾಗಾಗಿ ಬಹಳಷ್ಟು ಊರುಗಳಿಗೆ ಸದ್ಯ ಕೈಯಲ್ಲಿರೋದು ವಿಎಫ್‌ಸಿನೇ. ನಿಮ್ಮೂರಲ್ಲಿ ಇದ್ರೆ ಅದರ ಸೂಕ್ಷ್ಮ ಯೋಜನೆಯ ಪ್ರತಿ ಕೇಳಿ. ಯಾವ ಜಾಗದಲ್ಲಿ ಯಾವ ಗಿಡ, ದನ ಮೇಯೋಕೆ ಎಲ್ಲಿ ಬಿಟ್ಟಿದೆ, ಯಾರಿಗೆ ಎಷ್ಟು ಪಾಲು ಅಂತ ಅದರಲ್ಲಿ ಬರೆದಿರಬೇಕು. ಸಮಿತಿಯ ಸಭೆಯಲ್ಲಿ ಅದನ್ನ ಗಟ್ಟಿಯಾಗಿ ಓದಿಸಿ. ಅಕೇಶಿಯಾ ಕಟಾವು ಆದ ಜಾಗ ಇದ್ರೆ, ಮುಂದಿನ ಮಳೆಗಾಲಕ್ಕೆ ಅಲ್ಲಿ ಏನು ನೆಡೋದು ಅಂತ ಈಗಲೇ ಕೇಳಿ.